ಬಿ ಖರಾಬು

ಪಹಣಿಯಲ್ಲಿ ಹಳ್ಳಕ್ಕೆ ಹೆಸರಿಲ್ಲ.
ಒಂದು ಎಕರೆ ಆರು ಗುಂಟೆ, ಬಿ ಖರಾಬು.
ಖಾತೆದಾರರ ಕಾಲಮ್ಮಿನಲ್ಲಿ ಬರೀ ಅಡ್ಡಗೆರೆ.
ಯಾರದ್ದೂ ಅಲ್ಲದ್ದು ಖರಾಬು ಎಂದು
ಕೆಲಸಕ್ಕೆ ಸೇರಿದ ವಾರ ಗುಮಾಸ್ತರು ಹೇಳಿಕೊಟ್ಟಿದ್ದರು.

ಮಳವಳ್ಳಿ ಕಚೇರಿಯ ಬಟ್ಟೆನಕ್ಷೆ ಬಿಚ್ಚಿ
ಕೆರೆಕೋಡಿಯಿಂದ ಸರಪಳಿ ಎಳೆದೆ.
ಮೊದಲೆರಡು ಗಡಿಕಲ್ಲು ನೆಟ್ಟಲ್ಲೇ ಇದ್ದವು.
ಮೂರನೆಯದು ಸಿಕ್ಕಿದ್ದು
ಒಬ್ಬರ ಹಿತ್ತಿಲಲ್ಲಿ, ಸೋಪಿನ ನೊರೆ ಮೆತ್ತಿಕೊಂಡು,
ಬಟ್ಟೆ ಒಗೆಯುವ ಕಲ್ಲಾಗಿ.

ನೀರುಗಂಟಿ ಕುಳ್ಳೀರಯ್ಯ ನಕ್ಷೆ ನೋಡಲಿಲ್ಲ.
ಎಕ್ಕಡ ಬಿಟ್ಟು ಕಬ್ಬಿನೊಳಗೆ ನುಗ್ಗಿದ,
ಹಿಮ್ಮಡಿ ಊರಿ ನಿಂತ.
"ಇಲ್ಲಿ ತಂಪೈತೆ ಕಣವ್ವ.
ಕೋಡಿ ಬಿದ್ರೆ ಇಲ್ಗೇ ಬತ್ತಿತ್ತು ನೀರು.
ನಮ್ಮಪ್ಪ ಕೂಳಿ ಹಾಕ್ತಿದ್ದುದು ಇಲ್ಲೇಯ."

ಕಬ್ಬು ಯಾರದ್ದು ಎಂದೆ.
ಒಂದು ಸೋಗೆ ಮುರಿದು ಬೆರಳಿಗೆ ಸುತ್ತಿಕೊಂಡ.
ಬಿಚ್ಚಿದ.
"ನಂದೇಯ."

ಮಹಜರಿಗೆ ರುಜು ಹಾಕುವ ಮುನ್ನ
ಅಂಗೈ ಪಂಚೆಗೆ ಒರೆಸಿಕೊಂಡು
ಯುಗಾದಿವರೆಗೆ ಗಡುವು ಕೇಳಿದ.
ಬರೆದುಕೊಂಡೆ.
ಮೇಲಕ್ಕೆ ಇನ್ನೂ ಹನ್ನೊಂದು ಗದ್ದೆ,
ಹನ್ನೊಂದು ಜನರ ಬಾಯಿ.

ನಾಲೆ ನಿಂತು ತಿಂಗಳಾಗಿದೆ.
ಕಬ್ಬಿನೊಳಗಿಂದ ಎಳೆದುಕೊಂಡ ಸರಪಳಿಯ
ಕೊಂಡಿಕೊಂಡಿಗೂ
ಹಸಿ ಕೆಸರು.