ಒಂದೂವರೆ ಬಕೆಟ್ಟು

ಲಿಫ್ಟಿನ ಪಕ್ಕ ಅಂಟಿಸಿದ ಚೀಟಿ:
ಪೈಪು ಹಿಡಿದು ಕಾರು ತೊಳೆದವರಿಗೆ
ಐದು ಸಾವಿರ ದಂಡ.
ಕೆಳಗೆ ಕಾರ್ಯದರ್ಶಿಗಳ ರುಜು,
ರುಜುವಿನ ಮೇಲೆ ಯಾರದೋ ಒದ್ದೆ ಹೆಬ್ಬೆಟ್ಟು.

ಹೊರಮಾವಿನ ನಮ್ಮ ಬೀದಿಗೆ ಕಾವೇರಿ ಬಂದಿಲ್ಲ.
ಅವಳು ಬರಬೇಕಾದ ಕೊಳವೆ ಬಂದು
ಮೂರು ವರ್ಷದಿಂದ ರಸ್ತೆ ಬದಿ ಮಲಗಿದೆ
ಬಾಯಿ ತೆರೆದುಕೊಂಡು.

ಹಾಗಾಗಿ ನನ್ನದು ಕೂಡಿಟ್ಟ ನೀರು.
ಫಿಲ್ಟರು ಬೇಡವೆಂದು ಉಗುಳಿದ್ದು ಒಂದು ಬಕೆಟ್ಟು,
ಬಟ್ಟೆ ಮಿಷಿನ್ನಿನ ಕೊನೇ ಜಾಲಾಟದ್ದು ಅರ್ಧ.
(ಅಕ್ಕಿ ತೊಳೆದದ್ದು ಕರಿಬೇವಿನ ಕುಂಡಕ್ಕೆ, ಅದನ್ನು ಮುಟ್ಟುವಂತಿಲ್ಲ.)
ಮೂರನೇ ಮಹಡಿಯಿಂದ ಇಳಿಯುವಷ್ಟರಲ್ಲಿ
ಲಿಫ್ಟು ತನ್ನ ಪಾಲು ಕುಡಿದು
ಒಂದೂ ಕಾಲು.

ತಿಂಗಳಿಗೆ ಆರುನೂರು ಕೊಟ್ಟರೆ ಭೀಮರಾಯ ಒರೆಸುತ್ತಾನೆ.
ಬೆಳಗಿನ ಐದಕ್ಕೆ, ಬೇಸ್‌ಮೆಂಟಿನ ಟ್ಯೂಬ್‌ಲೈಟಿಗಿಂತ ಮೊದಲೆದ್ದು
ಒಂದು ಬಕೆಟ್ಟಿಗೆ ನಾಲ್ಕು ಕಾರು.
ಹೇಗೆ ಮಾರಾಯ, ಅಂದರೆ
"ನೀರು ಕಾರಿಗಲ್ರೀ ಅಕ್ಕಾರ, ಅರಿವಿಗೆ."
ಅವನ ಊರ ಕಡೆ ಅರಿವಿ ಅಂದರೆ ಬಟ್ಟೆ.
ನಾನೋ ಒಂದು ಗಳಿಗೆ ಸುಮ್ಮನೆ ನಿಂತಿದ್ದೆ,
ವಚನಗಿಚನ ಹೇಳಿಬಿಟ್ಟನೇ ಅಂತ.

ಆರುನೂರು ಉಳಿಸುವ ಹಟ ನನ್ನದು.
ಇಬ್ಬರ ಕೈ ದಾಟಿ ಬಂದ ಹಳೇ ಸ್ಯಾಂಟ್ರೊ,
ಅದಕ್ಕೇನು ಸಿಂಗಾರ, ಅಂತ ಐದು ವಾರ ಬಿಟ್ಟಿದ್ದೆ.
ಮೆಟ್ರೋ ಕಂಬಗಳ ಸಿಮೆಂಟು, ಆಫೀಸಿನ ಹೊಂಗೆಯ ಹೊಟ್ಟು,
ಪಾರಿವಾಳದ ಠಸ್ಸೆ,
ಬಾನೆಟ್ಟು ಹತ್ತಿ, ಗಾಜಿನಲ್ಲಿ ಜಾರಿ, ಮತ್ತೆ ಹತ್ತಿ
ನೆತ್ತಿಯ ಮೇಲೆ ಸುತ್ತಿ ಮಲಗಿದ
ಬೆಕ್ಕಿನ ಗುಂಡು ಗುರುತು.

ಕೆಳಗಿಂದ ಶುರು ಮಾಡಿದ್ದೇ ತಪ್ಪು.
ಚಕ್ರ ಉಜ್ಜಿ, ಬಾಗಿಲು ಉಜ್ಜಿ, ನೆತ್ತಿಗೆ ಕೈ ಹಾಕಿದರೆ
ಮೇಲಿನ ಕೆಸರೆಲ್ಲ ಇಳಿದು ಬಂತು
ಮಾವನ ಮನೆಗೆ ಬಂದ ಅಳಿಯನ ಹಾಗೆ, ನಿಧಾನ,
ಯಾರೂ ತಡೆಯುವಂತಿಲ್ಲ.
ನೀರು ಅಷ್ಟರಲ್ಲಿ ಚಹಾ.

ಹಿಂದಿನ ಗಾಜಿಗೆ ಬಂದೆ.
ಧೂಳಿನಲ್ಲಿ ಬೆರಳ ಬರಹ.
'ನನ್ನ ತೊಳೀರಿ' ಅಂತಿರಬಹುದು, ಇಲ್ಲಾ ಹೃದಯ, ಬಾಣ.
ನಿಜ ಹೇಳುತ್ತೇನೆ, ಓದಿದ್ದು ಒರೆಸುತ್ತ ಒರೆಸುತ್ತ:
ಟ ಆಗಲೇ ಹೋಗಿತ್ತು,
ಠ ಠ ಠ ಠ,
ಹೊಟ್ಟೆ ಸೀಳದ ಡ, ಸೀಳಿದ ಢ,
ಣ ಮಾತ್ರ ಮೂರು ಸಲ ಅಳಿಸಿ
ನಾಲ್ಕನೆಯದು ಕಾಲು ಮಡಚಿ ಕೂತಿತ್ತು, ದಣಿದು.

"ಯಾಕ್ ತೊಳದ್ರಿ ಆಂಟಿ?
ತ ಥ ಇನ್ನಾ ಬರಿಯೋದಿತ್ತು."
ಕಂಬದ ಹಿಂದಿನಿಂದ ಅಯ್ಯಮ್ಮ,
ಬೇಸಿಗೆ ರಜೆಗೆ ಬಂದ ಭೀಮರಾಯನ ಮಗಳು,
ಒಣ ಅರಿವಿ ಹೆಗಲ ಮೇಲೆ.

ದುಡ್ಡು ಕೊಡುವವರ ಕಾರು ದಿನಾ ಫಳಫಳ,
ಬೆರಳು ತಾಗಿದರೆ ಅಪ್ಪ ಬೈತಾನೆ.
ಎರಡು ಅಂತಸ್ತಿನ ಬೇಸ್‌ಮೆಂಟಿನಲ್ಲಿ
ಅವಳಿಗೆ ಉಳಿದ ಪಾಟಿ ನನ್ನದೊಂದೇ.
ಹಾಗಾದರೆ ಕವರ್ಗ ಎಲ್ಲಿ, ಚವರ್ಗ ಎಲ್ಲಿ?
ಬಾಗಿಲುಗಳಲ್ಲಿ ಇದ್ದವೇನೋ.
ಬಕೆಟ್ಟಿನೊಳಗೆ ನೋಡಿದೆ.

"ಮೂರು ದಿನ ತಡಿ," ಅಂದೆ,
"ಮೆಟ್ರೋ ಕೆಲಸ ನಡೀತಿದೆಯಲ್ಲ."
ನಂಬಲಿಲ್ಲ. ಕಾರು ಸುತ್ತಿ ನೋಡಿದಳು
ತಪಾಸಣೆಗೆ ಬಂದ ಸಾಹೇಬರ ಹಾಗೆ.
"ಇಲ್ಲಿ ಬಿಟ್ಟೀರಿ."
ಬಂಪರಿನ ಕೆಳಗೆ ಗೇಣು ಧೂಳು.
ಅಷ್ಟರಲ್ಲೇ ಕೂತು, ಅವಸರದಲ್ಲಿ,
ತ ಥ ಹಾರಿಸಿ ದ ಬರೆದಳು.
ಧ-ಕ್ಕೆ ಹೊಟ್ಟೆ ಸೀಳುವಾಗ ಉಗುರಿನಡಿ ಮರಳು ಸಿಕ್ಕಿ
ಕಿರ್ ಅಂತು.

ಜೂನಿನಲ್ಲಿ ಶಹಾಪುರದ ಬಸ್ಸು ಹತ್ತಿದಳು.
ಈಗ ಮೇಲಿಂದಲೇ ಶುರು ಮಾಡುತ್ತೇನೆ,
ಒಂದು ಬಕೆಟ್ಟು ಸಾಕಾಗುತ್ತದೆ.
ಕೊನೆಗೆ ಬಂಪರು ತಿಕ್ಕುವಾಗ ಬೆರಳಿಗೆ ಸಿಗುತ್ತದೆ
ಅಕ್ಷರವಿಲ್ಲದ ಆ ಸೀಳು.
"ಪಾಲಿಶ್ ಹಾಕಿದ್ರ ಹೋಗ್ತದ್ರೀ," ಅಂದ ಭೀಮರಾಯ,
ಪಕ್ಕದ ಕಾರಿನಿಂದ, ಬಗ್ಗಿಕೊಂಡೇ.
ಹ್ಞೂಂ ಅಂದೆ.
ಅರಿವಿ ಹಿಂಡಿದೆ.