ಒಂಟಿ ಬಾಣ

ಫುಜೈರಾ. ಕಡಲ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ
ರಾತ್ರಿ ಪಾಳಿ. ಕಿಟಕಿಯಾಚೆ ಲಂಗರು ಹಾಕಿದ ಹಡಗುಗಳು,
ಸರದಿಗೆ ಕಾದು ಕೂತ ದೀಪಗಳು.
ನನ್ನೆದುರು ಕಪ್ಪು ತೆರೆ. ಗಂಟೆಗೊಮ್ಮೆ ಕೇಳಬೇಕು:
ನಾಲ್ಕನೇ ಪಂಪೇ, ಹೇಗಿದ್ದೀ?
ಹೇಳುತ್ತದೆ. ಒಂದೇ ಉಸಿರಿಗೆ ಮುನ್ನೂರು ಸಾಲು,
ಒತ್ತಡ, ಉಪ್ಪು, ನಡುಕ, ಬಿಸಿ,
ಹೇಳುತ್ತಲೇ ಮೇಲೆ ಹತ್ತಿ ಮಾಯವಾಗುತ್ತದೆ.

ಬೆಳಿಗ್ಗೆ ಇಂಜಿನಿಯರ್ ಮೌಜಾ ಕೇಳುತ್ತಾಳೆ: ಏನಂದಿತು?
ಏನೋ ಅಂದಿತು ಮೇಡಂ, ಕೆಂಪಗೆ.
ಎಲ್ಲಿದೆ?
ಬರೆದಿಡದ್ದು ಅಂದದ್ದೇ ಅಲ್ಲ, ಅವಳ ಲೆಕ್ಕದಲ್ಲಿ.

ಆಮೇಲೆ ಕಲಿತೆ. ಆಜ್ಞೆಯ ಬಾಲಕ್ಕೆ ಒಂದು ಬಾಣ,
ಬಾಣದ ಮುಂದೆ ಕಡತದ ಹೆಸರು.
ತೆರೆ ಮೌನ. ಮಾತೆಲ್ಲ ಕಡತದೊಳಗೆ.
ಆ ಖುಷಿಗೆ ಕರಕ್ ಚಹಾ ಎರಡು ಲೋಟ.

ಯಾರೂ ಹೇಳಿರಲಿಲ್ಲ,
ಒಂಟಿ ಬಾಣ ಹೊಸದನ್ನು ಬರೆಯುವ ಮೊದಲು
ಹಳೆಯದನ್ನು ಒರೆಸುತ್ತದೆ ಎಂದು.
ಒರೆಸಲೇ ಅಂತ ಕೇಳುವುದೂ ಇಲ್ಲ.
ಗಂಗೊಳ್ಳಿಯಲ್ಲಿ ನಮ್ಮ ಚಿಕ್ಕಿ ಮಂಜುಗಡ್ಡೆಯ ಸಾಲವನ್ನು
ಗೋಡೆಗೆ ಇದ್ದಿಲಲ್ಲಿ ಗೀಟು ಹಾಕಿಡುತ್ತಿದ್ದಳು,
ಯಾವ ದೋಣಿಗೆ ಎಷ್ಟು ಗಡ್ಡೆ.
ಒಂದು ಚೌತಿಗೆ ಭಾವ ಸುಣ್ಣ ಬಳಿದ,
ಒಳ್ಳೆಯ ಮನಸ್ಸಿನಿಂದಲೇ.
ಏಳು ದೋಣಿಯವರು ಅಂದು ಬೆಳ್ಳಗೆ ನಕ್ಕರು.

ನನ್ನ ಸುಣ್ಣ ಬಿದ್ದದ್ದು ಒಂದು ಮಂಗಳವಾರದ ಮೇಲೆ.
ಅಂದು ಮೂರಕ್ಕೆ ಒತ್ತಡ ಕುಸಿದಿತ್ತು. ಕಂಡಿದ್ದೆ.
ಮೂರು ನಲವತ್ತಕ್ಕೆ ಪೈಪು ಬಿಗಿಯಲು ನಿಯಾಮತ್ ಗುಲ್ ಬಂದ,
ಸ್ವಾತ್ ಕಣಿವೆಯವನು, ಸೊಂಟಕ್ಕೆ ಪಾನಾ ಸಿಕ್ಕಿಸಿಕೊಂಡು.
ಬೆಳಗಾದಾಗ ಸೀಲು ಒಡೆದಿತ್ತು.
ಅವನು ಬಿಗಿದದ್ದೇ ಕಾರಣ, ಅಂದರು.
ಲಾಗ್ ತೆಗಿ, ಅಂದರು.
ತೆಗೆದೆ: ಆರರ ಆಜ್ಞೆ ಮೂರು, ನಾಲ್ಕು, ಐದನ್ನು ನುಂಗಿ
ತೇಗದೆ ಕೂತಿತ್ತು.
ಒಂಬತ್ತು ದಿನದ ಕೂಲಿ ಹಿಡಿದರು, ಅವನದು.

ಈಗ ಎರಡು ಬಾಣ ಹಾಕುತ್ತೇನೆ. ಹೊಸ ಮಾತು ಬಂದು
ತಡವಾಗಿ ಬಂದವನ ಹಾಗೆ ಪಂಕ್ತಿಯ ಕೊನೆಗೆ ಕೂರುತ್ತದೆ.
ಆದರೂ ತಪ್ಪುಗಳು ಕಡತಕ್ಕೆ ಬರುತ್ತಿರಲಿಲ್ಲ;
ಅವುಗಳ ದಾರಿಯೇ ಬೇರೆ.
ಸಮಾಚಾರ ಒಂದನೆಯದರಲ್ಲಿ, ದೂರು ಎರಡನೆಯದರಲ್ಲಿ.
ಶುಕ್ರವಾರ ಮನೆಗೆ ಫೋನ್ ಮಾಡುವ ನಮ್ಮ ಕ್ಯಾಂಪಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.
2>&1 ಅಂತ ಬರೆದರೆ ಎರಡೂ ಒಂದೇ ಕಾಲುವೆ.
ಕೊನೆಗೇ ಬರೆಯಬೇಕು. ಕಡತದ ಹೆಸರಿಗಿಂತ ಮೊದಲು ಬರೆದರೆ
ದೂರು ಮತ್ತೆ ತೆರೆಗೇ ಬಿದ್ದು ಹೋಗುತ್ತದೆ.
ಇಷ್ಟು ತಿಳಿಯಲು ಇನ್ನೊಂದು ವಾರ ಹೋಯಿತು.

ಕಣ್ಣಿಗೂ ಬೇಕು ಕಡತಕ್ಕೂ ಬೇಕು ಅಂದರೆ, ಟೀ.
ಚಹಾ ಅಲ್ಲ. ಹಾಗಂದರೇನು ಅಂತ ನಾನು ಗೊಣಗುತ್ತಿದ್ದಾಗ
ಓದು ಬಾರದ ನಿಯಾಮತ್ ಗುಲ್ ಚೀಲಕ್ಕೆ ಕೈ ಹಾಕಿ
ಹಿತ್ತಾಳೆಯ ಟೀ ಜಾಯಿಂಟ್ ಒಂದನ್ನು ಮೇಜಿನ ಮೇಲಿಟ್ಟ:
ಇಲ್ಲಿ ಬಂದದ್ದು ಅತ್ತ ಟ್ಯಾಂಕಿಗೆ, ಇತ್ತ ನಿನ್ನ ಬಾಯಿಗೆ.
ಇದಕ್ಕೂ ಪುಸ್ತಕ ಬೇಕೇ?
ಕೂಲಿಯ ಮಾತು ಅವನು ಎತ್ತಲಿಲ್ಲ. ನಾನೂ.
ಆ ಜಾಯಿಂಟ್ ಇನ್ನೂ ಕೀಬೋರ್ಡಿನ ಪಕ್ಕ ಇದೆ,
ಒಳಗೆ ಉಪ್ಪಿನ ಬಿಳಿ ಗೆರೆ.

ನಿನ್ನೆ ರಾತ್ರಿ, ಪಂಪು ನೆಮ್ಮದಿಯಾಗಿದ್ದ ಹೊತ್ತಲ್ಲಿ,
ಒಂದಿಷ್ಟು ಟೈಪ್ ಮಾಡಿದೆ:
ಆ ಮಂಗಳವಾರ ಒತ್ತಡ ಬಿದ್ದದ್ದು ಮೂರಕ್ಕೆ.
ನಿಯಾಮತ್ ಗುಲ್ ಬಂದದ್ದು ಮೂರು ನಲವತ್ತಕ್ಕೆ.
ಇದು ಯಂತ್ರ ಹೇಳಿದ್ದಲ್ಲ.
ಕೆಳಗೆ ನನ್ನ ಹೆಸರು, ಬಿಲ್ಲೆ ನಂಬರು.
ಬಾಣ ಎರಡಿವೆಯೇ, ಮತ್ತೆ ಎಣಿಸಿದೆ.
ಎಂಟರ್ ಒತ್ತಿದೆ.
ತೆರೆ ಏನೂ ಅನ್ನಲಿಲ್ಲ.