ಎರಡಿಂಚು ಬಿಳಿ

ಆರು ತಿಂಗಳಿಗಿಂತ ಹಳೆಯ ಮುಖ ನಡೆಯುವುದಿಲ್ಲವಂತೆ.
ಹಾಗಾಗಿ ಮತ್ತೆ ಬಂದಿದ್ದಾರೆ ಫರ್ಜಾನಾ ಖಾಲಾ,
ಶಿಡ್ಲಘಟ್ಟದ ನನ್ನ ಸ್ಟುಡಿಯೋಗೆ ಐದನೇ ಸಲ,
ಗೂಡು ಬೇಯುವ ನೀರಲ್ಲಿ ನವೆದ ಬೆರಳು
ಸೆರಗಿಗೆ ಒರೆಸುತ್ತ.

ಕನ್ನಡಕ ತೆಗೀರಿ, ಕಿವಿ ಕಾಣಲಿ, ನಗಬೇಡಿ—
ನಾನು ಹೇಳುವ ಮೊದಲೇ ಎಲ್ಲ ಮಾಡಿ
ಬಿಳಿ ಪರದೆಗೆ ಬೆನ್ನು ಕೊಟ್ಟು ಕೂತಿದ್ದಾರೆ.

ಮೊದಲ ಫೋಟೋ ತೆಗೆದಾಗ
ಶಿಕಾಗೋದಲ್ಲಿ ಅಕ್ಕನ ಮಗಳ ನಿಕಾಹ್ ಇತ್ತು.
ಮೂರನೆಯದು ಬಾಣಂತನಕ್ಕೆ.
ಈಗ ಆ ಮಗು ಗೋಡೆ ಹಿಡಿದು ನಡೆಯುತ್ತದೆ.
ಸಂದರ್ಶನದ ತಾರೀಖು ಮಾತ್ರ
ಮುಂದಿನ ಕ್ಯಾಲೆಂಡರಿನಲ್ಲೇ ಇದೆ, ಯಾವಾಗಲೂ.

ರಾತ್ರಿ ಎರಡಕ್ಕೆ ಸ್ಲಾಟ್ ಬಿಡ್ತಾರೆ ಅಂದರಂತೆ ಯಾರೋ.
ಅಲಾರಂ ಇಟ್ಟು ಎದ್ದರೆ
ಮೊಬೈಲಿನಲ್ಲಿ ಬರೀ ಸುತ್ತುವ ಚಕ್ರ.
"ನಮ್ಮ ಚರಕ ಇಷ್ಟು ಸುತ್ತಿದ್ದರೆ
ನೂಲಾದರೂ ಬರ್ತಿತ್ತಲ್ಲಪ್ಪಾ"
ಎಂದವರೇ ನಕ್ಕರು,
ಪಕ್ಕದ ಹಲ್ಲಿನ ಸಂದು ಕಾಣುವಷ್ಟು.

ನನ್ನ ಬೆರಳು ಕೇಳಲಿಲ್ಲ. ಕ್ಲಿಕ್.

"ಇದು ರಿಜೆಕ್ಟ್ ಆಗುತ್ತೆ ಖಾಲಾ, ಇನ್ನೊಂದು ತೆಗೀತೀನಿ."
"ತೆಗಿ. ಇದನ್ನೂ ತೊಳೆದಿಡು, ದೊಡ್ಡದು."
ಚೀಲ ತಡಕಿ,
ನಾಲ್ಕಾಗಿ ಮಡಚಿದ ಚೀಟಿಯಿಂದ
ಅಕ್ಕನ ವಿಳಾಸ ಓದತೊಡಗಿದರು,
ಒಂದೊಂದೇ ಅಕ್ಷರ.